ಮಹಾನಗರಪಾಲಿಕೆಯ ಅಗ್ನಿಶಾಮಕ ಹುದ್ದೆ: ಬೆಂಕಿ ಬೀಳದ ದಿನ ಏನು ಕೆಲಸ, ಸೇರಲು ಏನು ಅರ್ಹತೆ?

ಪ್ರಶ್ನೆ: ನಾವು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನವರು. ನನ್ನ ಮಗ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ, ಈಗ ಹನ್ನೆರಡನೇ ತರಗತಿ ಪಾಸಾಗಿದ್ದಾನೆ. ಮಹಾನಗರಪಾಲಿಕೆಯ ಅಗ್ನಿಶಾಮಕ ದಳಕ್ಕೆ ಸೇರಬೇಕೆಂಬ ಆಸೆ ಅವನದು. ಗಟ್ಟಿಮುಟ್ಟಾಗಿದ್ದಾನೆ, ಬಾವಿಯಲ್ಲಿ ಈಜಿ ರೂಢಿಯಿದೆ, ಎತ್ತರ 169 ಸೆಂ.ಮೀ. ಊರಲ್ಲಿ ದಿನಾ ಬೆಂಕಿ ಬೀಳುವುದಿಲ್ಲ. ಉಳಿದ ದಿನಗಳಲ್ಲಿ ಇವರಿಗೆ ಕೆಲಸವೇನು? ಎಷ್ಟು ಓದಿರಬೇಕು, ದೇಹ ಹೇಗಿರಬೇಕು? ಮಹಾರಾಷ್ಟ್ರದಲ್ಲಿ ಪ್ರಯತ್ನಿಸುವುದು ಒಳ್ಳೆಯದೋ, ಕರ್ನಾಟಕದಲ್ಲೋ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಕೆಲಸ ಕೊಡುವವರು ಯಾರು ಎಂಬುದು ತಿಳಿಯದೆ ಅರ್ಹತೆಯ ಮಾತು ಸ್ಪಷ್ಟವಾಗುವುದಿಲ್ಲ. ನಗರಾಡಳಿತ ಸಂಸ್ಥೆಗಳಿಗೆ ರಾಜ್ಯಗಳು ವಹಿಸಬಹುದಾದ 18 ವಿಷಯಗಳ ಪಟ್ಟಿ ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿದೆ. ಅದರಲ್ಲಿ ಏಳನೆಯದು ಅಗ್ನಿಶಾಮಕ ಸೇವೆ. ವಹಿಸಲೇಬೇಕೆಂಬ ಕಡ್ಡಾಯವಿಲ್ಲದ ಕಾರಣ ಒಂದೊಂದು ರಾಜ್ಯ ಒಂದೊಂದು ದಾರಿ ಹಿಡಿದಿದೆ. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಅಧಿನಿಯಮದ ಪ್ರಕಾರ ಇಡೀ ರಾಜ್ಯಕ್ಕೆ ಒಂದೇ ದಳ. ಬೆಂಗಳೂರಿನ ಠಾಣೆಯಾಗಲಿ, ವಿಜಯಪುರದ ಠಾಣೆಯಾಗಲಿ, ಎಲ್ಲವೂ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗೆ ಸೇರಿದವು. ಅಲ್ಲಿ ದುಡಿಯುವವರು ರಾಜ್ಯ ಸರ್ಕಾರದ ನೌಕರರು. ಮಹಾರಾಷ್ಟ್ರದಲ್ಲಿ ಹಾಗಲ್ಲ. ಮುಂಬೈ, ಪುಣೆ, ಸೊಲ್ಲಾಪುರ, ಕೊಲ್ಹಾಪುರ ಹೀಗೆ ಆಯಾ ಮಹಾನಗರಪಾಲಿಕೆಯೇ ತನ್ನ ದಳವನ್ನು ಕಟ್ಟಿ, ಸಿಬ್ಬಂದಿಯನ್ನು ನೇಮಿಸಿ, ಸಂಬಳ ಕೊಡುತ್ತದೆ. ಆದ್ದರಿಂದ ನಿಮ್ಮ ಮಗ ಪಾಲಿಕೆಯ ದಳವನ್ನೇ ಸೇರಬೇಕೆಂದಿದ್ದರೆ ಅದು ನೀವಿರುವ ರಾಜ್ಯದಲ್ಲೇ ಆಗಬೇಕು. ಕರ್ನಾಟಕದಲ್ಲಿ ಅವನು ಪಾಲಿಕೆಗಲ್ಲ, ಇಲಾಖೆಗೆ ಅರ್ಜಿ ಹಾಕಬೇಕಾಗುತ್ತದೆ.

ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ, ನಗರ ದೊಡ್ಡದಾಗಿದ್ದು ಪಾಲಿಕೆಯ ಕೈಯಲ್ಲಿ ಹಣವಿದ್ದರೆ ಪಾಲಿಕೆಯ ದಳಕ್ಕೆ ಒಂದು ವಿಶೇಷ ಅನುಕೂಲವಿದೆ ಎಂಬುದು ನನ್ನ ಅಭಿಪ್ರಾಯ. ಮುಂಬೈ ದಳ 1887ರಿಂದ ನಗರಪಾಲಿಕೆಯ ಅಧೀನದಲ್ಲಿದೆ. ನೀರು ಸರಬರಾಜು, ಕಟ್ಟಡ ಪರವಾನಗಿ, ರಸ್ತೆ, ಆಸ್ಪತ್ರೆ ಎಲ್ಲವೂ ಅದೇ ಆಯುಕ್ತರ ಕೆಳಗೆ ಬರುವುದರಿಂದ, ಒಂದು ಬಡಾವಣೆಯ ನೀರಿನ ಒತ್ತಡ ಹೆಚ್ಚಿಸಿ ಎಂದು ಕೇಳಲು ಇನ್ನೊಂದು ಇಲಾಖೆಗೆ ಪತ್ರ ಬರೆದು ಕಾಯಬೇಕಾಗಿಲ್ಲ. ಆದರೆ ಸಣ್ಣ ನಗರಪರಿಷತ್ತುಗಳಲ್ಲಿ ಇದೇ ವ್ಯವಸ್ಥೆ ತಿರುಗುಬಾಣವಾಗುತ್ತದೆ: ಹಣವಿಲ್ಲದ ಕಡೆ ಒಂದೇ ಹಳೆಯ ವಾಹನ, ನಾಲ್ಕಾರು ಜನ, ಅವರಿಗೂ ಪೂರ್ಣ ತರಬೇತಿಯಿಲ್ಲ ಎಂಬ ಸ್ಥಿತಿ ಬರಬಹುದು. ಸಣ್ಣ ಊರಿನ ಸಿಬ್ಬಂದಿಗೂ ರಾಜಧಾನಿಯ ಸಿಬ್ಬಂದಿಗೂ ಒಂದೇ ತರಬೇತಿ ಸಿಗುವುದು ಕರ್ನಾಟಕದ ಪದ್ಧತಿಯ ಬಲ. ಮಗ ಯಾವ ಊರಿನ ಅಧಿಸೂಚನೆಗೆ ಅರ್ಜಿ ಹಾಕುತ್ತಾನೋ ಆ ಊರಿನ ಠಾಣೆಯನ್ನು ಒಮ್ಮೆ ಕಣ್ಣಾರೆ ನೋಡಿ ಬರಲಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಈಗ ಕೆಲಸದ ವಿಷಯ. ಕರೆ ಬಂದಾಗ ಮಾಡುವ ಕೆಲಸ ಹೊರಗಿನವರಿಗೆ ಕಾಣುತ್ತದೆ, ಆದರೆ ಅದರ ಕ್ರಮ ಕಾಣುವುದಿಲ್ಲ. ಠಾಣೆಯ ವಾಚ್‌ರೂಮಿನಲ್ಲಿ ಕರೆ ಸ್ವೀಕರಿಸುವವನು ವಿಳಾಸ, ಹತ್ತಿರದ ಗುರುತು, ಉರಿಯುತ್ತಿರುವುದು ಏನು, ಒಳಗೆ ಜನರಿದ್ದಾರೆಯೇ, ಕರೆ ಮಾಡಿದವರ ನಂಬರು ಯಾವುದು ಎಂಬಷ್ಟನ್ನು ಕೆಲವೇ ಕ್ಷಣಗಳಲ್ಲಿ ಪಡೆದು ಗಂಟೆ ಬಾರಿಸಬೇಕು. ಗಾಬರಿಯಾದವರು ಬೀದಿಯ ಹೆಸರನ್ನೇ ಮರೆತಿರುತ್ತಾರೆ. ಅವರಿಂದ ಸಮಾಧಾನವಾಗಿ ವಿವರ ಕೇಳಿ ತೆಗೆಯುವುದೂ ಕಲಿತೇ ಬರುವ ಕೌಶಲ. ಸ್ಥಳ ತಲುಪಿದ ಮೇಲೆ ಮೊದಲು ಜೀವ, ಆಮೇಲೆ ಬೆಂಕಿ ಹರಡದಂತೆ ತಡೆ, ಆಮೇಲೆ ಆರಿಸುವುದು, ಕೊನೆಗೆ ಉಳಿದ ಆಸ್ತಿಯ ರಕ್ಷಣೆ. ಉರಿ ಆರಿದ ಮೇಲೂ ಗಂಟೆಗಟ್ಟಲೆ ಕೆಲಸವಿರುತ್ತದೆ. ಅಟ್ಟದ ಮೂಲೆಯಲ್ಲಿ, ಹತ್ತಿಯ ಮೂಟೆಯ ಒಡಲಲ್ಲಿ ಅಡಗಿದ ಕೆಂಡವನ್ನು ಕೆದಕಿ ನೀರು ಹಾಯಿಸದೆ ಹೊರಟರೆ ನಡುರಾತ್ರಿ ಅದೇ ವಿಳಾಸದಿಂದ ಮತ್ತೆ ಕರೆ ಬರುತ್ತದೆ. ಬೆಂಕಿ ಎಲ್ಲಿಂದ ಹೊತ್ತಿತು ಎಂಬ ಕುರುಹು ಅಳಿಯದಂತೆ ನೋಡಿಕೊಳ್ಳುವುದೂ ಇವರ ಹೊಣೆ. ಪೊಲೀಸರಿಗೂ ವಿಮಾ ಕಂಪನಿಗೂ ಮುಂದೆ ಬೇಕಾಗುವುದು ದಳ ಬರೆಯುವ ವರದಿಯೇ.

ನೀರಿನ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ವೃತ್ತಿಯ ಅರ್ಧ ಬುದ್ಧಿವಂತಿಕೆ ಅದರಲ್ಲೇ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ವಾಟರ್ ಟೆಂಡರ್ (ನೀರಿನ ಟ್ಯಾಂಕಿರುವ ಅಗ್ನಿಶಾಮಕ ವಾಹನ) ಒಂದರಲ್ಲಿ 4,500 ಲೀಟರ್ ನೀರು ಹಿಡಿಯುತ್ತದೆ. ಕೇಳಲು ಬಹಳ ಎನಿಸಬಹುದು. ಆದರೆ 20 ಮಿ.ಮೀ. ವ್ಯಾಸದ ನಾಝಲ್‌ನಿಂದ 7 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಒತ್ತಡದಲ್ಲಿ ನೀರು ಬಿಟ್ಟರೆ ನಿಮಿಷಕ್ಕೆ ಸುಮಾರು 700 ಲೀಟರ್ ಹೊರಬೀಳುತ್ತದೆ. ಅಂದರೆ ಒಂದೇ ಹೋಸ್ (ನೀರು ಹಾಯಿಸುವ ಉದ್ದನೆಯ ಬಟ್ಟೆ ಕೊಳವೆ) ಹಿಡಿದರೂ ಆರೇಳು ನಿಮಿಷದಲ್ಲಿ ಟ್ಯಾಂಕು ಬರಿದು. ಎರಡು ಹಿಡಿದರೆ ಮೂರು ನಿಮಿಷದ ಮಾತು. ಆದ್ದರಿಂದ ಮೊದಲ ಹೋಸ್ ಬಿಚ್ಚುವಾಗಲೇ ಮುಂದಿನ ನೀರು ಎಲ್ಲಿಂದ ಬರಬೇಕೆಂದು ಠಾಣಾಧಿಕಾರಿಗೂ ಪಂಪು ನಡೆಸುವ ಚಾಲಕನಿಗೂ ಗೊತ್ತಿರಬೇಕು. ಹತ್ತಿರ ಕೆಲಸ ಮಾಡುವ ಹೈಡ್ರಂಟ್ (ಬೆಂಕಿ ಆರಿಸಲು ಬೀದಿಯ ನೀರಿನ ಕೊಳವೆಗೆ ಹಾಕಿದ ನಲ್ಲಿ) ಇದೆಯೇ, ಅಪಾರ್ಟ್‌ಮೆಂಟಿನ ನೆಲದಡಿಯ ಸಂಪು ಎಲ್ಲಿದೆ, ಕೆರೆಯ ದಂಡೆಗೆ ಲಾರಿ ಇಳಿಯುತ್ತದೆಯೇ? ತೆರೆದ ಬಾವಿಯಿದ್ದರೂ ನೀರಿನ ಮಟ್ಟ ಸುಮಾರು 7 ಮೀಟರಿಗಿಂತ ಆಳದಲ್ಲಿದ್ದರೆ ವಾಹನದ ಪಂಪು ಅದನ್ನು ಹೀರಲಾರದು. ಹೀರುವ ಪಂಪಿನೊಳಕ್ಕೆ ನೀರನ್ನು ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಅದಕ್ಕೆ ಸಿದ್ಧಾಂತದಲ್ಲೇ 10 ಮೀಟರಿನ ಆಸುಪಾಸಿನ ಮಿತಿಯಿದೆ, ಪೈಪಿನ ಘರ್ಷಣೆ ಮತ್ತು ಸೋರಿಕೆಗಳಲ್ಲಿ ಇನ್ನಷ್ಟು ಕಳೆಯುತ್ತದೆ. ಬಯಲುಸೀಮೆಯ ಬಾವಿಗಳಲ್ಲಿ ಬೇಸಿಗೆಯ ನೀರು ಎಷ್ಟು ಕೆಳಗಿರುತ್ತದೆ ಎಂದು ನಿಮಗೇ ಗೊತ್ತು. ಇದು ಪರೀಕ್ಷೆಯಲ್ಲಿ ಬರೆಯುವ ಭೌತಶಾಸ್ತ್ರವಲ್ಲ. ಬಣವೆ ಉರಿಯುವಾಗ ಊರವರು ತೋರಿಸಿದ ಬಾವಿಯ ಬಳಿ ವಾಹನ ನಿಲ್ಲಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ವಿದ್ಯೆ.

ಇನ್ನು ಹೊಗೆ. ಕಟ್ಟಡದ ಬೆಂಕಿಯಲ್ಲಿ ಹೆಚ್ಚು ಜೀವ ತೆಗೆಯುವುದು ಉರಿಯಲ್ಲ, ಹೊಗೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಳಹೋಗುವ ಸಿಬ್ಬಂದಿ ಬೆನ್ನಿಗೆ ಗಾಳಿಯ ಸಿಲಿಂಡರು, ಮುಖಕ್ಕೆ ಮಾಸ್ಕು ಕಟ್ಟಿಕೊಂಡಿರುತ್ತಾರೆ. 6.8 ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 2,000 ಲೀಟರ್ ಗಾಳಿ ಇರುತ್ತದೆ. ಹೆಸರಿಗೆ ಅದು 45 ನಿಮಿಷದ ಸಿಲಿಂಡರು, ಆದರೆ ಹೋಸ್ ಎಳೆದುಕೊಂಡು ಏದುಸಿರಿನಲ್ಲಿ ಮೆಟ್ಟಿಲೇರುವವನಿಗೆ ಅರ್ಧ ಗಂಟೆ ಬಂದರೆ ಹೆಚ್ಚು. ಒತ್ತಡ 55 ಬಾರ್ ಆಸುಪಾಸಿಗೆ ಇಳಿದಾಗ ಸೀಟಿ ಕೂಗತೊಡಗುತ್ತದೆ. ಕೂಗುವ ಮುನ್ನವೇ ಹೊರಬರುವ ದಾರಿಯಲ್ಲಿರಬೇಕು ಎಂಬುದು ನಿಯಮ. ಒಳಗೆ ಹೋದವರ ಹೆಸರು, ಹೋದ ಸಮಯ, ಸಿಲಿಂಡರಿನ ಒತ್ತಡ ಇಷ್ಟನ್ನೂ ಬಾಗಿಲ ಬಳಿ ನಿಂತ ಒಬ್ಬರು ಹಲಗೆಯ ಮೇಲೆ ಗುರುತು ಹಾಕಿಕೊಳ್ಳುತ್ತಾರೆ. ಯಾರೂ ಒಬ್ಬರೇ ಒಳಗೆ ಹೋಗುವಂತಿಲ್ಲ.

ತರಬೇತಿ ಕೇಂದ್ರದ ಹೊಗೆಕೋಣೆಯಲ್ಲಿ ಇದನ್ನು ಕಲಿಸುವ ರೀತಿಯನ್ನು ನಿಮ್ಮ ಮಗ ತಿಳಿದಿರುವುದು ಒಳ್ಳೆಯದು. ಕೈ ಚಾಚಿದರೆ ಬೆರಳು ಕಾಣದ ಕತ್ತಲೆ. ಮೊಣಕಾಲೂರಿ, ಒಂದು ಕೈಯನ್ನು ಗೋಡೆಯಿಂದ ತೆಗೆಯದೆ, ಇನ್ನೊಂದು ಕೈಯಿಂದ ನೆಲ ತಡವುತ್ತಾ ಮುಂದೆ ಸಾಗಬೇಕು. ಎಡಗೋಡೆ ಹಿಡಿದು ಒಳಬಂದವನು ಎಡಗೋಡೆಯನ್ನೇ ಹಿಡಿದು ಕೋಣೆ ಸುತ್ತಿದರೆ ಬಂದ ಬಾಗಿಲಿಗೇ ತಲುಪುತ್ತಾನೆ. ನಡುವೆ ಕೈ ಬದಲಿಸಿದವನು ದಾರಿ ತಪ್ಪುತ್ತಾನೆ. ಮಂಚದ ಕೆಳಗೆ, ಕಪಾಟಿನ ಹಿಂದೆ, ಬಚ್ಚಲುಮನೆಯ ಮೂಲೆಯಲ್ಲಿ ಮರೆಯದೆ ತಡವಬೇಕು, ಏಕೆಂದರೆ ಹೆದರಿದ ಮಕ್ಕಳು ಬಾಗಿಲ ಕಡೆಗೆ ಓಡುವುದಿಲ್ಲ, ಅಡಗಿಕೊಳ್ಳುತ್ತಾರೆ. ಮುಚ್ಚಿದ ಬಾಗಿಲು ಎದುರಾದರೆ ಅಂಗೈಯನ್ನಲ್ಲ, ಕೈಯ ಹಿಂಬದಿಯನ್ನು ಅದರ ಹತ್ತಿರ ಒಯ್ದು ಬಿಸಿ ನೋಡಬೇಕು. ಮೈಕಟ್ಟು ಚೆನ್ನಾಗಿರುವ ಎಷ್ಟೋ ಹುಡುಗರು ಈ ಕೋಣೆಯಲ್ಲಿ ಮಾಸ್ಕು ಕಿತ್ತೆಸೆದು ಹೊರಗೆ ಓಡಿಬರುವುದನ್ನು ಕಂಡಿದ್ದೇನೆ. ಅದು ಹೇಡಿತನವಲ್ಲ, ಇಕ್ಕಟ್ಟಿನ ಭಯ ಯಾರಿಗೂ ಬರಬಹುದು. ಕೆಲವರಿಗೆ ಅಭ್ಯಾಸದಿಂದ ಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ.

ಎಲ್ಲ ಬೆಂಕಿಗೂ ನೀರೇ ಮದ್ದಲ್ಲ. ಉರಿಯುವ ಎಣ್ಣೆಗೆ ನೀರು ಸುರಿದರೆ ಉರಿ ಹರಡುತ್ತದೆ, ಅಲ್ಲಿ ನೊರೆ ಬೇಕು. ವಿದ್ಯುತ್ ಸಂಪರ್ಕ ಕಡಿದದ್ದು ಖಾತ್ರಿಯಾಗದೆ ಟ್ರಾನ್ಸ್‌ಫಾರ್ಮರಿನ ಹತ್ತಿರ ಹೋಗುವಂತಿಲ್ಲ. ಅಡುಗೆ ಅನಿಲದ ಸಿಲಿಂಡರಿನ ಬಾಯಲ್ಲಿ ಉರಿ ಹತ್ತಿದ್ದು, ಅನಿಲವನ್ನು ನಿಲ್ಲಿಸಲು ಆಗದಿದ್ದರೆ ಉರಿಯನ್ನು ಆರಿಸಬಾರದು. ಸಿಲಿಂಡರನ್ನು ನೀರಿನಿಂದ ತಣಿಸುತ್ತಾ ಇರಬೇಕು. ಆರಿಸಿದರೆ ಗಾಳಿಗಿಂತ ಭಾರವಾದ ಆ ಅನಿಲ ನೆಲದುದ್ದಕ್ಕೂ ಹರಡಿ, ಪಕ್ಕದ ಮನೆಯ ಒಲೆಯ ಕಿಡಿ ತಗುಲಿದರೂ ಸ್ಫೋಟಿಸುತ್ತದೆ. ಒಳಗೆ ಏನಿದೆ ಎಂದು ಮೊದಲು ತಿಳಿಯುವುದು ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ದೇಶದ ಅಗ್ನಿಶಾಮಕ ಸೇವೆ ತೆತ್ತ ಬೆಲೆ ಬಹಳ ದೊಡ್ಡದು. 1944ರ ಏಪ್ರಿಲ್ 14ರಂದು ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗಿನ ಹತ್ತಿ ಮೂಟೆಗಳಿಗೆ ಬೆಂಕಿ ಹತ್ತಿತು. ಅದೇ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕವಿತ್ತು, ಆದರೆ ಅಪಾಯ ಸೂಚಿಸುವ ಕೆಂಪು ಬಾವುಟ ಅದರ ಮೇಲಿರಲಿಲ್ಲ. ಸಂಜೆ ನಾಲ್ಕು ಗಂಟೆಯ ಸುಮಾರಿಗೆ ಮೊದಲ ಸ್ಫೋಟ, ಅರ್ಧ ಗಂಟೆಯ ನಂತರ ಎರಡನೆಯದು. ಮುಂಬೈ ದಳದ 66 ಮಂದಿ ಅಲ್ಲಿ ಪ್ರಾಣ ಕಳೆದುಕೊಂಡರು. ಪ್ರತಿ ವರ್ಷ ಏಪ್ರಿಲ್ 14ರಂದು ದೇಶದ ಎಲ್ಲ ಠಾಣೆಗಳಲ್ಲಿ ಅಗ್ನಿಶಾಮಕ ಸೇವಾ ದಿನ ಆಚರಿಸುವುದು ಅವರ ನೆನಪಿಗಾಗಿ.

ಬೆಂಕಿಯಲ್ಲದ ಕರೆಗಳೂ ಬಹಳ. ಬಾವಿಗೆ ಬಿದ್ದವರು, ನೆರೆಯಲ್ಲಿ ಸಿಕ್ಕಿಕೊಂಡವರು, ಕುಸಿದ ಮನೆಯಡಿಯಲ್ಲಿ ಇರುವವರು, ಲಾರಿಯ ಕ್ಯಾಬಿನಿನಲ್ಲಿ ನಜ್ಜುಗುಜ್ಜಾಗಿ ಸಿಲುಕಿದ ಚಾಲಕ, ಮಾಳಿಗೆಗಳ ನಡುವೆ ನಿಂತ ಲಿಫ್ಟು, ರಸ್ತೆಗೆ ಅಡ್ಡ ಬಿದ್ದ ಮರ, ಎಲ್ಲಕ್ಕೂ ಕರೆ ಹೋಗುವುದು ಇದೇ ಠಾಣೆಗೆ. ನಿಮಗೆ ಹತ್ತಿರದ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ 2024ರ ಏಪ್ರಿಲ್‌ನಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು, ಪಕ್ಕದಲ್ಲಿ ಸಮಾನಾಂತರವಾಗಿ ಗುಂಡಿ ತೋಡಿ, ಸುಮಾರು 20 ಗಂಟೆಗಳ ನಂತರ ಜೀವಂತವಾಗಿ ಹೊರತೆಗೆದದ್ದು ನಿಮಗೆ ನೆನಪಿರಬಹುದು. ನಿಮ್ಮ ಮಗನಿಗೆ ಈಜು ಬರುವುದು ಸಂತೋಷ, ಆದರೆ ಬಾವಿಯ ವಿಷಯದಲ್ಲಿ ಅವನಿಗೆ ಒಂದು ಮಾತನ್ನು ಈಗಲೇ ಹೇಳಿ. ಬಹುಕಾಲ ಬಳಸದ ಬಾವಿಯಲ್ಲೂ ಮ್ಯಾನ್‌ಹೋಲಿನಲ್ಲೂ ಆಮ್ಲಜನಕ ಇಲ್ಲದಿರಬಹುದು, ವಿಷಾನಿಲ ತುಂಬಿರಬಹುದು. ಒಬ್ಬ ಕುಸಿದು ಬಿದ್ದನೆಂದು ಎತ್ತಲು ಇಳಿದ ಎರಡನೆಯವನು, ಅವನನ್ನು ನೋಡಿ ಇಳಿದ ಮೂರನೆಯವನು, ಹೀಗೆ ಒಂದೇ ಮನೆಯ ಮೂವರು ಸತ್ತ ಸುದ್ದಿಗಳು ಬರುತ್ತಲೇ ಇವೆ. ಸಿಬ್ಬಂದಿ ಅಲ್ಲಿಗೆ ಇಳಿಯುವುದು ಸಿಲಿಂಡರು ಹಾಕಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿ, ಆ ಹಗ್ಗವನ್ನು ಮೇಲಿನವರ ಕೈಗೆ ಕೊಟ್ಟ ಮೇಲೆಯೇ.

ಈಗ ನೀವು ಕೇಳಿದ ಮೂಲ ಪ್ರಶ್ನೆ: ಕರೆ ಬಾರದ ದಿನ ಏನು ಮಾಡುತ್ತಾರೆ? ನನ್ನ ಮಟ್ಟಿಗೆ ಹೇಳುವುದಾದರೆ ಅಗ್ನಿಶಾಮಕ ಸಿಬ್ಬಂದಿಯ ನಿಜವಾದ ಕೆಲಸ ಆ ದಿನಗಳಲ್ಲೇ ನಡೆಯುತ್ತದೆ. ಬೆಂಕಿಯ ಮುಂದೆ ಏನಾಗುತ್ತದೆ ಎಂಬುದು ಬಹುಪಾಲು ಅಲ್ಲೇ ನಿರ್ಧಾರವಾಗಿರುತ್ತದೆ. ಪಾಳಿ ಬದಲಾದ ಕೂಡಲೇ ಹಾಜರಿ, ಆಮೇಲೆ ವಾಹನ ತಪಾಸಣೆ: ಡೀಸೆಲ್, ಆಯಿಲ್, ಬ್ಯಾಟರಿ, ಟೈರು, ಟ್ಯಾಂಕಿನ ನೀರು. ಪಂಪನ್ನು ದಿನವೂ ಚಾಲೂ ಮಾಡಿ ಒತ್ತಡ ಏರುತ್ತದೆಯೇ ಎಂದು ನೋಡಬೇಕು. ಪ್ರತಿ ಸಿಲಿಂಡರಿನ ಮೀಟರು ಓದಬೇಕು, ಮಾಸ್ಕಿನ ಅಂಚನ್ನು ಬೆರಳಾಡಿಸಿ ಪರೀಕ್ಷಿಸಬೇಕು. ಹಿಂದಿನ ದಿನ ಬಳಸಿದ ಹೋಸುಗಳನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿ, ಬ್ರಷ್ಷಿನಿಂದ ಕೆಸರು ತಿಕ್ಕಿ ತೊಳೆದು, ಒಂದು ತುದಿಯಿಂದ ಹೆಗಲ ಮೇಲೆ ಹಾಯಿಸುತ್ತಾ ನೀರೆಲ್ಲ ಬಸಿದು, ಎತ್ತರದ ಗೋಪುರದಲ್ಲಿ ನೇತುಹಾಕಿ ಒಣಗಿಸುತ್ತಾರೆ. ಒದ್ದೆಯಾಗಿಯೇ ಸುತ್ತಿಟ್ಟ ಹೋಸಿಗೆ ಬೂಷ್ಟು ಹಿಡಿಯುತ್ತದೆ, ನೇಯ್ಗೆ ಸಡಿಲವಾಗುತ್ತದೆ. ಮುಂದಿನ ಬೆಂಕಿಯಲ್ಲಿ ಮೂರನೇ ಮಹಡಿಗೆ ನೀರೇರುವ ಹೊತ್ತಿಗೆ ಅದು ಕಪ್ಲಿಂಗಿನ (ಹೋಸುಗಳನ್ನು ಜೋಡಿಸುವ ಲೋಹದ ತುದಿ) ಬುಡದಲ್ಲಿ ಸೀಳಿದರೆ, ಮೇಲೆ ಬ್ರಾಂಚ್ (ಹೋಸಿನ ತುದಿಯಲ್ಲಿ ನೀರು ಚಿಮ್ಮಿಸುವ ಕೊಳವೆ) ಹಿಡಿದು ನಿಂತವನು ಬೆಂಕಿಯೆದುರು ಬರಿಗೈಯಾಗುತ್ತಾನೆ.

ಡ್ರಿಲ್ಲುಗಳೂ ದಿನಚರಿಯ ಭಾಗ. 10.5 ಮೀಟರಿನ ಏಣಿಯನ್ನು ನಾಲ್ವರು ಹೊತ್ತು ತಂದು, ಗೋಡೆಗೆ ನಿಲ್ಲಿಸಿ, ಹಗ್ಗ ಎಳೆದು ಉದ್ದ ಮಾಡಿ, ಒಬ್ಬ ಹತ್ತುವುದು. ಹೋಸ್ ಎಸೆದು ಬಿಚ್ಚುವುದು. ಕತ್ತಲಲ್ಲೂ ಬಿಗಿಯಬಲ್ಲಂತೆ ಗಂಟುಗಳನ್ನು ಕಲಿಯುವುದು. ಪ್ರಜ್ಞೆ ತಪ್ಪಿದವನನ್ನು ಹೆಗಲಿಗೆ ಹಾಕಿಕೊಂಡು ಇಳಿಯುವುದು. ಪ್ರತಿಯೊಬ್ಬನಿಗೂ ನಂಬರು ಇರುತ್ತದೆ, ನಂಬರಿಗೆ ತಕ್ಕ ಕೆಲಸ ಇರುತ್ತದೆ. ಸಾವಿರ ಸಲ ಮಾಡಿದ್ದನ್ನು ಮತ್ತೆ ಮಾಡುವುದು ಬೇಸರವೇ, ಆದರೆ ಜನ ಕಿರುಚುತ್ತಿರುವ ಬೀದಿಯಲ್ಲಿ ಯಾರು ಏನು ಮಾಡಬೇಕೆಂದು ಚರ್ಚಿಸಲು ಸಮಯವಿರುವುದಿಲ್ಲ. ಇದರ ಜತೆಗೆ ತಮ್ಮ ವ್ಯಾಪ್ತಿಯ ಊರನ್ನು ಕಲಿಯಬೇಕು. ಯಾವ ಓಣಿಗೆ ದೊಡ್ಡ ವಾಹನ ತಿರುಗುವುದಿಲ್ಲ, ಯಾವ ಹೈಡ್ರಂಟಿನ ಮೇಲೆ ಡಾಂಬರು ಹಾಕಿಬಿಟ್ಟಿದ್ದಾರೆ, ವಾರದ ಸಂತೆಯ ದಿನ ಯಾವ ದಾರಿ ಮುಚ್ಚಿರುತ್ತದೆ, ಜವಳಿ ಗೋದಾಮು ಎಲ್ಲಿದೆ, ರಾಸಾಯನಿಕದ ದಾಸ್ತಾನು ಎಲ್ಲಿದೆ ಎಂಬುದನ್ನು ಕಾಲ್ನಡಿಗೆಯಲ್ಲಿ ಸುತ್ತಿ ತಿಳಿಯಬೇಕು.

ತಡೆಗಟ್ಟುವ ಕೆಲಸ ಮತ್ತೊಂದು. ಕಟ್ಟಡಗಳ ತಪಾಸಣೆ, ನಿರಾಕ್ಷೇಪಣಾ ಪತ್ರ ಇವೆಲ್ಲ ಅಧಿಕಾರಿಗಳ ಹೊಣೆಯಾದರೂ ಜತೆಗೆ ಹೋಗಿ ಪಂಪು, ಪೈಪು, ಮೆಟ್ಟಿಲು ನೋಡುವವರು ಸಿಬ್ಬಂದಿಯೇ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಅಥವಾ ಅದಕ್ಕಿಂತ ಎತ್ತರದ್ದು ಬಹುಮಹಡಿ ಕಟ್ಟಡ. ಮಹಾರಾಷ್ಟ್ರದಲ್ಲಿ 2006ರ ಅಗ್ನಿ ತಡೆ ಮತ್ತು ಜೀವರಕ್ಷಕ ಕ್ರಮಗಳ ಕಾಯ್ದೆಯಂತೆ ಕಟ್ಟಡದ ಮಾಲೀಕರು ತಮ್ಮಲ್ಲಿನ ಅಗ್ನಿಶಾಮಕ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರವನ್ನು ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ, ಸಲ್ಲಿಸಬೇಕು. ಕಾಗದ ಸರಿಯಿದ್ದರೆ ಸಾಲದು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಸತ್ತರು. ಹೊಗೆ ತುಂಬಿದ ಕಟ್ಟಡದಿಂದ ಹೊರಬರಲು ದಾರಿ ಸಿಗದೆ ಕೆಲವರು ಮೇಲಿನಿಂದ ಜಿಗಿದಿದ್ದರು. ಅದೇ ನಗರದಲ್ಲಿ 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ತೀರಿಕೊಂಡಿದ್ದರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಇಂಥ ಕಡೆ ದಳ ಎಷ್ಟು ಬೇಗ ಬಂದರೂ ತಡವೇ. ಮೆಟ್ಟಿಲ ಬಾಗಿಲಿಗೆ ಹಾಕಿದ ಬೀಗವನ್ನು ಹಿಂದಿನ ತಿಂಗಳೇ ತೆಗೆಸಿದ ಸಿಬ್ಬಂದಿಯ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ, ಆದರೆ ಅವನು ಉಳಿಸಿದ ಜೀವಗಳು ಏಣಿ ಹತ್ತಿ ಉಳಿಸಿದವನಿಗಿಂತ ಕಡಿಮೆಯಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಅರ್ಹತೆಗೆ ಬರೋಣ. ಮುಂಬೈ ಮಹಾನಗರಪಾಲಿಕೆ 2022-23ರಲ್ಲಿ ನಡೆಸಿದ ನೇಮಕಾತಿಯಲ್ಲಿ ಹನ್ನೆರಡನೇ ತರಗತಿಯಲ್ಲಿ ಶೇ 50 ಅಂಕ, ಪುರುಷರಿಗೆ 172 ಸೆಂ.ಮೀ., ಮಹಿಳೆಯರಿಗೆ 162 ಸೆಂ.ಮೀ. ಎತ್ತರ ಕೇಳಿತ್ತು. ಪುರುಷರು 800 ಮೀಟರ್ ದೂರವನ್ನು ಮೂರು ನಿಮಿಷದೊಳಗೆ ಓಡಬೇಕಿತ್ತು. 19 ಅಡಿ ಎತ್ತರದಿಂದ ಕೆಳಗೆ ಹಿಡಿದ ಜಂಪಿಂಗ್ ಷೀಟಿಗೆ ಜಿಗಿಯುವುದು, ಏಣಿ ಹತ್ತಿಳಿಯುವುದು, ಮನುಷ್ಯನ ತೂಕದ ಬೊಂಬೆಯನ್ನು ಹೆಗಲ ಮೇಲೆ ಹೊತ್ತು ಓಡುವುದು ಇವೂ ಪರೀಕ್ಷೆಯಲ್ಲಿದ್ದವು. ಆಯ್ಕೆಯಾದವರಿಗೆ ಪಾಲಿಕೆಯೇ ತರಬೇತಿ ಕೊಡುತ್ತದೆ. ನಿಮ್ಮ ಮಗನ ಎತ್ತರಕ್ಕೆ ಆ ಬಾಗಿಲು ಸದ್ಯ ಮುಚ್ಚಿದೆ. ಎತ್ತರದ ಮಿತಿಯಲ್ಲಿ ರಿಯಾಯಿತಿ ಸಿಗುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಪುಣೆಯಂಥ ಉಳಿದ ಮಹಾನಗರಪಾಲಿಕೆಗಳ ರೀತಿ ಬೇರೆ. ಅಲ್ಲಿ ಸಾಮಾನ್ಯವಾಗಿ ಹತ್ತನೇ ತರಗತಿ ಸಾಕು, ಎತ್ತರ 165 ಸೆಂ.ಮೀ., ಎದೆಯ ಸುತ್ತಳತೆ 81 ಸೆಂ.ಮೀ. ಇದ್ದು ಉಸಿರೆಳೆದಾಗ 5 ಸೆಂ.ಮೀ. ಹಿಗ್ಗಬೇಕು, ತೂಕ 50 ಕಿಲೋ. ಆದರೆ ಅರ್ಜಿ ಹಾಕುವ ಮೊದಲೇ ಮುಂಬೈಯಲ್ಲಿರುವ ರಾಜ್ಯ ಅಗ್ನಿಶಾಮಕ ತರಬೇತಿ ಕೇಂದ್ರದ ಆರು ತಿಂಗಳ ಅಗ್ನಿಶಾಮಕ ಕೋರ್ಸ್ ಮುಗಿಸಿರಬೇಕು, ಜತೆಗೆ ಎಂಎಸ್‌ಸಿಐಟಿ ಕಂಪ್ಯೂಟರ್ ಪ್ರಮಾಣಪತ್ರವೂ ಬೇಕು. 169 ಸೆಂ.ಮೀ. ಎತ್ತರದ ನಿಮ್ಮ ಮಗನಿಗೆ ಹೊಂದುವ ದಾರಿ ಇದು. ಎಲ್ಲ ಕಡೆಯೂ ಮರಾಠಿ ಓದಲು, ಬರೆಯಲು, ಮಾತನಾಡಲು ಬರಬೇಕು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಮರಾಠಿ ವಿಷಯವಿರುವುದನ್ನೂ ಕೇಳುತ್ತಾರೆ. ಕನ್ನಡ ಮಾಧ್ಯಮದ ನಿಮ್ಮ ಮಗ ಮರಾಠಿಯನ್ನು ಎಷ್ಟು ಅಂಕಗಳ ಪತ್ರಿಕೆಯಾಗಿ ಬರೆದಿದ್ದಾನೆ ಎಂದು ಅಂಕಪಟ್ಟಿ ತೆಗೆದು ಈಗಲೇ ನೋಡಿ. ಗಡಿಭಾಗದ ನಮ್ಮ ಮಕ್ಕಳಿಗೆ ಎರಡೂ ಭಾಷೆ ಬರುವುದು ಸೊಲ್ಲಾಪುರದಂಥ ಊರಿನ ಠಾಣೆಯಲ್ಲಿ ದೊಡ್ಡ ಉಪಯೋಗ: ಗಾಬರಿಯಲ್ಲಿ ಜನ ಕೂಗುವುದು ತಮ್ಮ ಮನೆಮಾತಿನಲ್ಲೇ.

ಕರ್ನಾಟಕದಲ್ಲಿ ಅಗ್ನಿಶಾಮಕ ಹುದ್ದೆಗೆ ಎಸ್ಸೆಸ್ಸೆಲ್ಸಿ ಅಥವಾ ಅದಕ್ಕೆ ಸಮಾನವಾದ ಓದು, ಠಾಣಾಧಿಕಾರಿ ಹುದ್ದೆಗೆ ಪದವಿ ಬೇಕು. ಲಿಖಿತ ಪರೀಕ್ಷೆ, ದೇಹದಾರ್ಢ್ಯ ಪರೀಕ್ಷೆ, ವೈದ್ಯಕೀಯ ಪರೀಕ್ಷೆ ಮೂರೂ ಇರುತ್ತವೆ. ಆಯ್ಕೆಯಾದವರಿಗೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ತರಬೇತಿ. ಮೊದಲೇ ಕೋರ್ಸ್ ಮಾಡಿರಬೇಕಾಗಿಲ್ಲ. ಆದರೆ ಅಧಿಸೂಚನೆ ವರ್ಷವರ್ಷವೂ ಬರುವುದಿಲ್ಲ. 2020ರಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಹುದ್ದೆಗಳಿಗೆ ಒಮ್ಮೆಲೇ ಅರ್ಜಿ ಕರೆದಿದ್ದರು. ಅದೊಂದನ್ನೇ ನಂಬಿ ವಯಸ್ಸು ಕಳೆಯುವುದು ಬೇಡ. ಮಗ ವಿಜ್ಞಾನ ಓದಿದ್ದರೆ, ಕೇಂದ್ರ ಗೃಹ ಸಚಿವಾಲಯದ ಅಧೀನದ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನಲ್ಲಿ ಫೈರ್ ಎಂಜಿನಿಯರಿಂಗ್ ಪದವಿ ಪಡೆದು ನೇರವಾಗಿ ಅಧಿಕಾರಿಯಾಗುವ ದಾರಿಯೂ ಇದೆ.

ಆರೋಗ್ಯದ ವಿಷಯದಲ್ಲಿ ಮೂರನ್ನು ಈಗಲೇ ಪರೀಕ್ಷಿಸಿಕೊಳ್ಳಲಿ: ದೃಷ್ಟಿ, ಬಣ್ಣ ಗುರುತಿಸುವ ಶಕ್ತಿ, ಉಸಿರಾಟ. ಕನ್ನಡಕದ ಕಡ್ಡಿ ಮಾಸ್ಕಿನ ಅಂಚಿನಡಿ ಸಿಕ್ಕರೆ ಹೊಗೆ ಒಳನುಗ್ಗುತ್ತದೆ. ದಟ್ಟ ಗಡ್ಡಕ್ಕೂ ಅದೇ ತೊಂದರೆ. ಅಸ್ತಮಾ ಇರುವವರು ಈ ಕೆಲಸಕ್ಕೆ ಬರುವುದು ಅವರಿಗೂ ಅಪಾಯ, ಜತೆಗಾರನಿಗೂ ಅಪಾಯ. ಎತ್ತರದ ಭಯ, ಇಕ್ಕಟ್ಟಿನ ಭಯ ಇದೆಯೇ ಎಂದು ಅವನೇ ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು.

ಅಪಾಯದ ಮಾತನ್ನು ನೀವು ಕೇಳಿಲ್ಲ, ಆದರೂ ಹೇಳದಿರುವುದು ತಪ್ಪಾಗುತ್ತದೆ. 2015ರ ಮೇ 9ರಂದು ಮುಂಬೈಯ ಕಾಲ್ಬಾದೇವಿಯಲ್ಲಿ ಉರಿಯುತ್ತಿದ್ದ ಹಳೆಯ ಕಟ್ಟಡ ಕುಸಿದು, ದಳದ ಮುಖ್ಯಸ್ಥ ಸುನಿಲ್ ನೇಸರಿಕರ್ ಸೇರಿ ನಾಲ್ವರು ಹಿರಿಯ ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ದಶಕಗಳ ಅನುಭವ ಇದ್ದವರಿಗೂ ಹೀಗಾಯಿತು. ಆದ್ದರಿಂದಲೇ, ನುಗ್ಗಿ ಹೋಗುವ ಹುಡುಗನಿಗಿಂತ, ಹೊರಗೆ ಬಾ ಎಂದು ಅಧಿಕಾರಿ ಹೇಳಿದಾಗ ಮರುಮಾತಿಲ್ಲದೆ ಹಿಂದಿರುಗುವ ಹುಡುಗ ಈ ಸೇವೆಗೆ ಹೆಚ್ಚು ಬೇಕಾದವನು. ಅಧಿಸೂಚನೆಯಲ್ಲಿ ಈ ಗುಣಕ್ಕೆ ಅಂಕವಿಲ್ಲ, ಆದರೆ ತರಬೇತಿಯ ಮೊದಲ ತಿಂಗಳಲ್ಲೇ ಶಿಕ್ಷಕರು ಅದನ್ನು ಅಳೆದಿರುತ್ತಾರೆ.

ಮುಂದೆ ಮಾಡಬೇಕಾದದ್ದು ಇಷ್ಟು. ಮಹಾರಾಷ್ಟ್ರ ಅಗ್ನಿಶಾಮಕ ಸೇವೆಯ ನಿರ್ದೇಶನಾಲಯದ ಜಾಲತಾಣದಲ್ಲಿ ಆರು ತಿಂಗಳ ಕೋರ್ಸಿನ ಪ್ರವೇಶ ಪ್ರಕಟಣೆ ಯಾವಾಗ ಬರುತ್ತದೆಂದು ಗಮನಿಸುತ್ತಿರಿ. ಅದಕ್ಕೂ ದೇಹದ ಅಳತೆ ಮತ್ತು ವಯಸ್ಸಿನ ಮಿತಿ ಇರುವುದರಿಂದ ತಡಮಾಡಬೇಡಿ. ಊರೂರಿನಲ್ಲಿ ಫೈರ್ ಅಂಡ್ ಸೇಫ್ಟಿ ಎಂಬ ಹೆಸರಿನ ಖಾಸಗಿ ಸಂಸ್ಥೆಗಳಿವೆ. ಅಲ್ಲಿ ಹಣ ಕಟ್ಟುವ ಮೊದಲು ಸೊಲ್ಲಾಪುರ ಅಥವಾ ಪುಣೆ ಮಹಾನಗರಪಾಲಿಕೆಯ ಹಳೆಯ ಅಧಿಸೂಚನೆಯೊಂದನ್ನು ಮುಂದಿಟ್ಟುಕೊಂಡು, ಅದರಲ್ಲಿ ಹೇಳಿರುವ ಕೋರ್ಸಿನ ಹೆಸರೂ ಸಂಸ್ಥೆ ಕೊಡುವ ಪ್ರಮಾಣಪತ್ರದ ಹೆಸರೂ ಒಂದೇ ಇದೆಯೇ ಎಂದು ಅಕ್ಷರಕ್ಷರ ಹೋಲಿಸಿ. ಬೇರೆಯಿದ್ದರೆ ಆ ಪ್ರಮಾಣಪತ್ರ ಕಾರ್ಖಾನೆಯ ಕೆಲಸಕ್ಕೆ ಉಪಯೋಗವಾಗಬಹುದೇ ಹೊರತು ಪಾಲಿಕೆಯ ಹುದ್ದೆಗೆ ನಡೆಯುವುದಿಲ್ಲ. ಅಲ್ಲಿಯವರೆಗೆ ಮಗ ದಿನವೂ ಓಡಲಿ, ಹಗ್ಗ ಹತ್ತಲಿ, ಭಾರ ಹೊತ್ತು ಮೆಟ್ಟಿಲೇರಲಿ, ಭಾರಿ ವಾಹನದ ಚಾಲನಾ ಪರವಾನಗಿ ಪಡೆಯುವ ಕಡೆಗೂ ಗಮನ ಕೊಡಲಿ, ಏಕೆಂದರೆ ಚಾಲಕ ಹುದ್ದೆಗಳಿಗೆ ಬೇರೆಯಾಗಿಯೇ ಅರ್ಜಿ ಕರೆಯುತ್ತಾರೆ. ಒಂದು ದಿನ ಸೊಲ್ಲಾಪುರದ ಠಾಣೆಗೆ ಹೋಗಿ ಅನುಮತಿ ಕೇಳಿ, ಬೆಳಗಿನ ತಪಾಸಣೆ ಮತ್ತು ಡ್ರಿಲ್ಲನ್ನು ಪೂರ್ತಿ ನೋಡಲಿ. ಹೋಸ್ ತೊಳೆಯುವ ಹೊತ್ತಿಗೂ ಅವನ ಉತ್ಸಾಹ ಹಾಗೆಯೇ ಇದ್ದರೆ ಧೈರ್ಯವಾಗಿ ಅರ್ಜಿ ಹಾಕಿಸಿ.